ಸ್ಯಾಂಪಲ್‌ಗಿಂತ ಬೆಳ್ಳಗಿದ್ದ ಮಾಲು

ಹೊಸಪೇಟೆಯ ಕಿಟಕಿ

ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೆಲೆ ಬಂದ ಆ ವರ್ಷಗಳಲ್ಲಿ ನಮ್ಮ ಕಡೆಯಿಂದ ಚೀನಾಕ್ಕೆ ಹೋಗದೆ ಉಳಿದವನು ನಾನೊಬ್ಬನೇ ಎಂಬ ಅನುಮಾನ ನನಗಿತ್ತು. ಸೊಂಡೂರಿನ ಗುಡ್ಡಗಳೇ ಲಾರಿ ಹತ್ತಿ ಹೊರಟಿದ್ದವು. ಗುಡ್ಡ ಮಾರಿದವರು ಅವುಗಳ ಹಿಂದೆಯೇ ವಿಮಾನ ಹತ್ತುತ್ತಿದ್ದರು. ಹೋಗಿ ಬಂದವರು ಮನೆಗೆ ಡ್ರ್ಯಾಗನ್ ಕೆತ್ತಿದ ಗೇಟು ಹಾಕಿಸಿ, ಆ ಡ್ರ್ಯಾಗನ್ನಿಗೆ ದೃಷ್ಟಿಯಾಗದಿರಲೆಂದು ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದರು. ಕೊನೆಗೆ ನಾನೂ ಹೋದೆ, ಆದರೆ ಗುಡ್ಡದ ಹಿಂದೆ ಅಲ್ಲ, ಒಂದು ಆಟದ ಸಾಮಾನಿನ ಹಿಂದೆ. ಹಾಗೆಂದರೆ ಊರಲ್ಲಿ ಯಾರೂ ನಂಬಲಿಲ್ಲ. ಗುಡ್ಡವೇ ಹಡಗಿನಲ್ಲಿ ಹೋಗುತ್ತದೆ ಎಂದರೆ ನಂಬುವ ಜನ ಇವರು.

ನಮ್ಮ ಸೋದರಮಾವ ಪಂಪಣ್ಣನಿಗೆ ಕಂಪ್ಲಿಯಲ್ಲಿ ರೈಸ್ ಮಿಲ್ ಇತ್ತು. ಊರೆಲ್ಲ ಅದಿರಿನ ಕಡೆ ಓಡುವಾಗ ಮಾವನೂ ಮಿಲ್ಲನ್ನು ಗುಬ್ಬಿಗಳಿಗೆ ಬಿಟ್ಟು ಓಡಿದ. ಯಾರದೋ ಗಣಿಯಲ್ಲಿ ಕೊಂಡು ಇನ್ಯಾರಿಗೋ ಮಾರುವುದು ಅವನ ಹೊಸ ಕಸುಬು. ಹೊಸಪೇಟೆಯಲ್ಲಿ ಲಾರಿಗಳು ಹೋಗುವ ರಸ್ತೆಗೇ ಆಫೀಸು ಮಾಡಿದ. ಇಂಗ್ಲಿಷಿನಲ್ಲಿ ಫೋನ್ ಎತ್ತಲು ಡಿಗ್ರಿ ಮುಗಿಸಿ ಕುಳಿತಿದ್ದ ನನ್ನನ್ನು ಕೂರಿಸಿದ. ನಾನು ಇಂಗ್ಲಿಷಿಗಿಂತ ಹೆಚ್ಚಾಗಿ ಮಾವನ ದನಿಯಲ್ಲೇ ಫೋನ್ ಎತ್ತುತ್ತಿದ್ದೆ. ಮೂಗಿನಲ್ಲಿ ಒಮ್ಮೆ "ಹ್ಞೂಂ" ಎಂದು, ಆಮೇಲೆ "ಮಾಲು ಎ-ಒನ್ ಐತ್ರಿ" ಎಂದರೆ ಮುಗಿಯಿತು. ಅತ್ತೆಯೇ ಮೋಸಹೋಗಿ ನನಗೆ ಮನೆಯ ಸಾಮಾನು ತರಲು ಹೇಳುತ್ತಿದ್ದಳು.

ಬಿಡುವಿನಲ್ಲಿ ನಾನು ಟಿ.ವಿ. ಗೇಮ್ ಕಟ್ಟಿದೆ. ಚಿಕ್ಕಂದಿನಲ್ಲಿ ಟಿ.ವಿ.ಗೆ ಜೋಡಿಸಿ, ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಆ ಬಿಳಿ ಪೆಟ್ಟಿಗೆ. "ಕಂಪ್ಯೂಟರ್ ಕಲಿಯಾಕ ಬೇಕವ್ವ" ಎಂದು ಅವ್ವನಿಗೆ ಹೇಳಿ ತರಿಸಿಕೊಂಡು, ಬಾತುಕೋಳಿ ಹೊಡೆಯಲು ಕಲಿತದ್ದು. ಅದು ಕೆಟ್ಟು ಗುಜರಿಗೆ ಹೋಗಿ ಎಷ್ಟೋ ಕಾಲವಾದ ಮೇಲೆ, ಮಕ್ಕಳು ಒಂದರ ಮೇಲೊಂದು ಒತ್ತಿ ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಕೂಡಿಹಾಕಿ, ಅದೇ ಅಳತೆಗೆ, ಅದೇ ಗುಂಡಿ, ಅದೇ ಮುಚ್ಚಳ ಇಟ್ಟು ಕಟ್ಟಿದೆ. ನಮ್ಮ ಮೆಷಿನ್ನಿನ ಕ್ಯಾಸೆಟ್ ನಿಲ್ಲದೆ ಒಂದು ಬೆಂಕಿಕಡ್ಡಿ ಸಿಗಿಸಿಡುತ್ತಿದ್ದೆವು. ಆ ಬೆಂಕಿಕಡ್ಡಿಯನ್ನೂ ಇಟ್ಟೆ. ಇದರಲ್ಲಿ ಆಡಲು ಬರುವುದಿಲ್ಲ. ಬರೀ ನೋಡುವುದು. ಓದಿದ ಹುಡುಗ ಮಾಡುವ ಕೆಲಸವೇ ಇದು ಎಂದು ನೀವು ಕೇಳಬೇಡಿ, ಅವ್ವ ಆಗಲೇ ಕೇಳಿದ್ದಾಳೆ.

ಅದು ಆಫೀಸಿನ ಕಿಟಕಿಯಲ್ಲಿ ಕುಳಿತಿತ್ತು. ಹೊರಗೆ ಅದಿರಿನ ಲಾರಿಗಳು, ಅವುಗಳ ಕೆಂಪು ಧೂಳು. ಬಿಳಿ ಇಟ್ಟಿಗೆಗಳು ಮೊದಲು ಚಹಾದ ಬಣ್ಣಕ್ಕೆ ಬಂದವು, ಆಮೇಲೆ ಬೆಲ್ಲದ ಬಣ್ಣಕ್ಕೆ, ಕೊನೆಗೆ ಹಳೆಯ ಹೆಂಚಿನ ಬಣ್ಣಕ್ಕೆ. ನಮ್ಮ ಬೀದಿಯ ಬಿಳಿ ನಾಯಿಗೂ ಅದೇ ಗತಿಯಾಗಿತ್ತು. ನಾನೇನೂ ವಿಶೇಷ ಅಂದುಕೊಳ್ಳಲಿಲ್ಲ.

ಹಂಪಿ ತೋರಿಸಿದ ಮೇಲೆ

ಲಿನ್ ಸಾಹೇಬರು ಚೀನಾದ ಒಂದು ಉಕ್ಕಿನ ಊರಿನಿಂದ ಅದಿರು ನೋಡಲು ಬಂದವರು. ಜೊತೆಗೆ ಇಂಗ್ಲಿಷ್ ಬಲ್ಲ ಮೇ ಎಂಬ ಹುಡುಗಿ. ಹೊರಗಿನ ಗಿರಾಕಿ ಬಂದರೆ ಮಾವನದು ಒಂದೇ ಕ್ರಮ: ಬೆಳಿಗ್ಗೆ ಸೊಂಡೂರು, ಮಧ್ಯಾಹ್ನ ಹಂಪಿ, ನಡುವೆ ಕಡ್ಡಿರಾಂಪುರದಲ್ಲಿ ಮಿರ್ಚಿ. ಬೆಳಿಗ್ಗೆ ಕೆಡವುತ್ತಿರುವುದನ್ನು ತೋರಿಸಿ, ಮಧ್ಯಾಹ್ನ ಬಿದ್ದುಹೋದದ್ದನ್ನು ತೋರಿಸುವುದು.

ಹಂಪಿಯ ಬಜಾರಿನಲ್ಲಿ ನಿಂತು ಮಾವ, "ಆವಾಗ ಇಲ್ಲಿ ರಸ್ತೆ ಮ್ಯಾಲೆ ವಜ್ರ ರಾಶಿ ಹಾಕಿ ಮಾರ್ತಿದ್ರಂತ, ಹೇಳಲೇ ಮಂಜ್ಯಾ" ಎಂದ. ನಾನು ಹೇಳಿದೆ. ಮೇ ಚೀನೀ ಭಾಷೆಯಲ್ಲಿ ಹೇಳಿದಳು. ಲಿನ್ ಸಾಹೇಬರು ಏನೋ ಕೇಳಿದರು. ಮೇ ನನಗೆ ಹೇಳಿದಳು: "ಎಲ್ಲ ಮಾರಿದ ಮೇಲೆ ಹೀಗಾಯಿತೇ ಎಂದು ಕೇಳುತ್ತಿದ್ದಾರೆ."

"ಏನಂತಾರಲೇ?" ಎಂದ ಮಾವ.

"ಭಾಳ ಚಂದ ಐತಂತ, ಮಾವ."

ಸಂಜೆ ಆಫೀಸಿಗೆ ಬಂದಾಗ ಲಿನ್ ಸಾಹೇಬರು ಕಿಟಕಿಯ ಹತ್ತಿರ ನಿಂತುಬಿಟ್ಟರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿದರು. ಬೆಂಕಿಕಡ್ಡಿಯನ್ನು ತೋರಿಸಿ ನಕ್ಕರು. ಅವರ ಮನೆಯ ಮೆಷಿನ್ನಿಗೆ ಊಟದ ಕಡ್ಡಿಯ ತುಂಡು ಸಿಗಿಸುತ್ತಿದ್ದರಂತೆ. ಅವರೂ ಅವರ ತಾಯಿಗೆ ಕಂಪ್ಯೂಟರ್ ಎಂದೇ ಹೇಳಿದ್ದರಂತೆ. ನಾನು ಮೆಷಿನ್ ಶುರುವಾಗುವ ಸಪ್ಪಳವನ್ನು ಬಾಯಲ್ಲಿ ಮಾಡಿ ತೋರಿಸಿದೆ. ಅವರು ಯುದ್ಧದ ಆಟದ ಟ್ಯಾಂಕು ಸಿಡಿಯುವ ಸಪ್ಪಳ ಮಾಡಿದರು. ನಾನು ಬಾತುಕೋಳಿ, ಅವರು ಬಂದೂಕು. ಅದಿರಿನ ಕಬ್ಬಿಣದ ಅಂಶದ ಬಗ್ಗೆ ಮಾತಾಡಲು ಕಾಗದ ಹಿಡಿದು ಕಾಯುತ್ತಿದ್ದ ಮಾವ ಮೇ ಕಡೆ ನೋಡಿ, "ಇವ್ರಿಗೇನಾತವ್ವ?" ಎಂದು ಕನ್ನಡದಲ್ಲೇ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಇಷ್ಟು. ಲಿನ್ ಸಾಹೇಬರ ಊರಲ್ಲಿ ನನ್ನಂಥವರದೇ ಒಂದು ಕೂಟವಿದೆ. ಹಳೆಯ ಗೇಮ್ ಮೆಷಿನ್ನುಗಳನ್ನು ಆಟದ ಇಟ್ಟಿಗೆಯಲ್ಲಿ ಕಟ್ಟಿ ವರ್ಷಕ್ಕೊಮ್ಮೆ ಪ್ರದರ್ಶನಕ್ಕಿಡುತ್ತಾರೆ. ಅಲ್ಲಿ ಲಿನ್ ಸಾಹೇಬರದೇ ಒಂದು ಮೇಜು, ಅದರ ನಿಯಮ ಒಂದೇ: ಅಂಗಡಿಯ ಮೆಷಿನ್ ಅಲ್ಲ, ಮನೆಯಲ್ಲಿ ಸವೆದ ಮೆಷಿನ್ ಕಟ್ಟಬೇಕು. ವಯಸ್ಸಾದ ಪ್ಲಾಸ್ಟಿಕ್ಕಿನ ಬಣ್ಣ ಬರಲೆಂದು ಅವರ ಗೆಳೆಯರು ಬಿಸಿಲಿಗೆ ಬಾಡಿದ ಇಟ್ಟಿಗೆಗಳನ್ನೇ ಹುಡುಕಿ ಕೊಳ್ಳುತ್ತಾರಂತೆ.

"ಈ ಬಣ್ಣ ಹೇಗೆ ತಂದೆ?" ಎಂದು ಕೇಳಿದರು.

"ಅದು ನಮ್ಮೂರಿನ ಗುಟ್ಟು" ಎಂದೆ. ಹಿಂದೆ ಒಂದು ಲಾರಿ ಹೋಯಿತು. ಗುಟ್ಟು ಇನ್ನೊಂದು ಪದರ ಕೂತಿತು.

ಇದನ್ನು, ಇದನ್ನೇ, ತೆಗೆದುಕೊಂಡು ಬಾ, ಮೇಜಿನ ನಟ್ಟನಡುವೆ ಜಾಗ ಕಾದಿರಿಸುತ್ತೇನೆ ಎಂದರು. ಅದಿರಿನ ಮಾತೂ ಅಲ್ಲೇ ಮುಗಿಸೋಣ ಎಂದರು. ಅಲ್ಲಿಯವರೆಗೆ ಅದನ್ನು "ಹುಡುಗಾಟ್ಕಿ" ಎನ್ನುತ್ತಿದ್ದ ಮಾವ ಅಂದಿನಿಂದ "ನಮ್ಮ ಐಟಂ" ಎನ್ನತೊಡಗಿದ.

ಆಕಾಶ

ಐಟಮ್ಮನ್ನು ಅವ್ವ ಪ್ಯಾಕ್ ಮಾಡಿದಳು. ಅದಕ್ಕೆ ಟವೆಲ್ ಸುತ್ತಿ, ದೊಡ್ಡ ರೊಟ್ಟಿ ಡಬ್ಬಿಯಲ್ಲಿಟ್ಟು, ಲಾರಿಯ ತಾಡಪಾಲಿಗೆ ಬಿಗಿಯುವ ಹಗ್ಗವನ್ನೇ ಮಾವನಿಂದ ಬಿಗಿಸಿದಳು. "ನಡುವ ಬಿಚ್ಚಬ್ಯಾಡ್ರಿ. ಅಲ್ಲಿ ಹೋಗೇ ಬಿಚ್ರಿ" ಎಂದಳು. ಆ ಮಾತಿನಲ್ಲಿ ಸಣ್ಣ ಹೆಮ್ಮೆಯಿತ್ತು. ನಾನು ಅದನ್ನು ತಾಯಿಯ ಕಕ್ಕುಲಾತಿ ಅಂದುಕೊಂಡೆ.

ವಿಮಾನದಲ್ಲಿ ಗಗನಸಖಿ ಬೆಲ್ಟು, ಬಾಗಿಲು ತೋರಿಸುವುದನ್ನು ನೋಡಿ, ಅವಳು ಆಚೆ ಹೋದ ಮೇಲೆ ನಾನು ಮಾವನ ಟವೆಲ್ ಹಿಡಿದು ಅದನ್ನೇ ಹೊಸಪೇಟೆ ಬಸ್ ಕಂಡಕ್ಟರನ ದನಿಯಲ್ಲಿ ಮಾಡಿದೆ: "ಮುಂದಿನ ಬಾಗ್ಲು ಅಲ್ಲೈತಿ, ಹಿಂದಿನ ಬಾಗ್ಲು ಇಲ್ಲೈತಿ, ನಡುವ ಇಳ್ಯಾಂಗಿಲ್ಲ." ಹಿಂದಿನ ಸೀಟಿನವರು ನಕ್ಕರು. ಮಾವ ಮಾತ್ರ ನಗದೆ ನನ್ನ ಭುಜದ ಮೇಲೆ ನೋಡುತ್ತಿದ್ದ. ಅವಳು ಅಲ್ಲೇ ನಿಂತಿದ್ದಳು. ಕನ್ನಡ ಬರದಿದ್ದರೂ ಕೈಸನ್ನೆಗಳು ತನ್ನವೇ ಎಂದು ಅವಳಿಗೆ ಗುರುತು ಸಿಕ್ಕಿತ್ತು. ಊಟದ ಗಾಡಿ ನಮ್ಮ ಸಾಲಿಗೆ ಕೊನೆಯಲ್ಲಿ ಬಂತು. ಸಸ್ಯಾಹಾರ ಮುಗಿದಿತ್ತು. ಹಣೆತುಂಬ ವಿಭೂತಿ ಬಳಿದುಕೊಂಡಿದ್ದ ಮಾವ ನನ್ನನ್ನು ಬೈಯುತ್ತಲೇ ಶೇಂಗಾ ಚಟ್ನಿಪುಡಿ ಬಿಚ್ಚಿದ.

ಲಿನ್ ಸಾಹೇಬರ ಊರು

ಊರು ಚೆನ್ನಾಗಿತ್ತು, ಕಾರ್ಖಾನೆಗಳ ಹೊಗೆಗೆ ಆಕಾಶ ಮಾತ್ರ ಕಾಣಿಸಲಿಲ್ಲ. ಎಲ್ಲಿ ಕುಳಿತರೂ ಬಿಸಿನೀರು ಕೊಡುತ್ತಾರೆ. ಬರೀ ಬಿಸಿನೀರು, ಚಹಾಪುಡಿ ಹಾಕಲು ಮರೆತವರ ಹಾಗೆ. "ಇಡೀ ದೇಶಕ್ಕ ನೆಗಡಿ ಆಗೈತೇನಲೇ?" ಎಂದು ಮಾವ ಕೇಳಿದ. ಕೇಳುತ್ತಲೇ ಕುಡಿದ. ಕುಡಿದ ಮೇಲೆ ಹೊಟ್ಟೆ ಹಗುರಾಯಿತೆಂದು ಒಪ್ಪಿಕೊಂಡ.

ಔತಣದಲ್ಲಿ ಮೇಜೇ ತಿರುಗುತ್ತದೆ. ಮಾವ ತಿನ್ನಬಹುದಾದದ್ದು ಹುರಿದ ಶೇಂಗಾ ಒಂದೇ. ಅದು ಹತ್ತಿರ ಬಂದಾಗ ಯಾರಾದರೂ ಮೇಜು ತಿರುಗಿಸುತ್ತಿದ್ದರು. ಶೇಂಗಾ ಬಳ್ಳಾರಿ ಬಸ್ಸಿನ ಹಾಗೆ ಕಣ್ಣೆದುರೇ ನಿಲ್ಲದೆ ಹೋಗುತ್ತಿತ್ತು. ಅಲ್ಲಿ ಲೋಟಕ್ಕೆ ಲೋಟ ತಾಗಿಸುವಾಗ ಗೌರವ ತೋರಿಸುವವನು ತನ್ನ ಲೋಟವನ್ನು ಎದುರಿನವನದಕ್ಕಿಂತ ಕೆಳಗೆ ಹಿಡಿಯಬೇಕು. ಲಿನ್ ಸಾಹೇಬರು ಕೆಳಗೆ ಹಿಡಿದರು. ಬಿಸಿನೀರಿನ ಲೋಟ ಹಿಡಿದಿದ್ದ ಮಾವ ಮರ್ಯಾದೆಯಲ್ಲಿ ನಮ್ಮವರೇನು ಕಡಿಮೆ ಎಂದು ಇನ್ನೂ ಕೆಳಗೆ ಒಯ್ದ. ಅವರು ಇನ್ನಷ್ಟು. ಕೊನೆಗೆ ಇಬ್ಬರೂ ಮೇಜಿನ ಕೆಳಗೆ ಹೋಗಿ ಗೌರವ ಮುಗಿಸಿ, ಬೆವರು ಒರೆಸಿಕೊಂಡು ಮೇಲೆ ಬಂದರು.

ಆಮೇಲೆ ಲಿನ್ ಸಾಹೇಬರು ಕೈ ಉಜ್ಜಿಕೊಂಡು ಡಬ್ಬಿಯ ಕಡೆ ನೋಡಿದರು. ಅವರ ಗೆಳೆಯರೂ ಕುರ್ಚಿ ಎಳೆದುಕೊಂಡು ಬಂದರು. ಮಾವ ಹಗ್ಗ ಬಿಚ್ಚಿದ. ನಾನು ಟವೆಲ್ ಸರಿಸಿದೆ.

ಒಳಗೆ ಹಾಲಿನಷ್ಟು ಬೆಳ್ಳಗಿನ ಟಿ.ವಿ. ಗೇಮ್ ಇತ್ತು. ಹಣೆಯ ಜಾಗದಲ್ಲಿ ಒಂದು ಕುಂಕುಮದ ಬೊಟ್ಟು. ಕೆಂಪು ಎಂದು ಉಳಿದದ್ದು ಅದೊಂದೇ.

ಲಿನ್ ಸಾಹೇಬರು ಬಗ್ಗಿ ನೋಡಿ, ಮೆಲ್ಲಗೆ ಏನೋ ಹೇಳಿದರು. ಮೇ ನೆಲ ನೋಡಿಕೊಂಡು ಅನುವಾದಿಸಿದಳು: "ನಾನು ಅಲ್ಲಿ ನೋಡಿದ್ದು ಇದಲ್ಲ ಎನ್ನುತ್ತಿದ್ದಾರೆ."

ಮಾವನ ಮುಖ ಬಾಡಿತು. ಆ ವಾಕ್ಯ ಅವನಿಗೆ ಹಳೆಯ ಪರಿಚಯ. ತೋರಿಸುವ ಸ್ಯಾಂಪಲ್ ಒಂದು, ಹಡಗಿನಲ್ಲಿ ಬರುವ ಮಾಲು ಇನ್ನೊಂದು ಎಂದು ಗಿರಾಕಿಗಳು ಅವನಿಗೆ ಫೋನಿನಲ್ಲಿ ಹೇಳುತ್ತಲೇ ಇದ್ದರು. ರೂಢಿಬಲದಿಂದ ಬಾಯಿ ತಾನೇ ಆಡಿತು: "ಹಡಗಿನಾಗ ತೇವ ತಗಲಿರ್ಬೇಕ್ರಿ."

"ಮಾವ, ಇದು ವಿಮಾನದಾಗ ಬಂದೈತಿ" ಎಂದೆ.

ಅದಿರಿನ ವ್ಯಾಪಾರದಲ್ಲಿ ಸ್ಯಾಂಪಲ್‌ಗಿಂತ ಮಾಲು ಸ್ವಚ್ಛವಾಗಿದೆ ಎಂದು ತಕರಾರು ಬಂದದ್ದು ಬಹುಶಃ ಅದೇ ಮೊದಲು.

ಮೂಲೆಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ. "ಹ್ಞೂಂ ಮತ್ತ, ನಾನೇ ತೊಳ್ದೀನಿ" ಎಂದಳು. "ಪರದೇಶದವ್ರ ಮುಂದ ಆ ಕೊಳಕು ಇಟ್ರ ನಮ್ಮ ಮನ್ಯಾಗ ಹೆಣ್ಮಕ್ಕಳ ಇಲ್ಲೇನ್ ಅಂತಿದ್ರು. ಹುಣಸೆಹಣ್ಣು, ಸೀಗೆಪುಡಿ ಹಚ್ಚಿ, ಹಲ್ಲುಜ್ಜೋ ಬ್ರಷ್‌ಲೆ ಸಂದಿ ಸಂದಿ ತಿಕ್ಕೀನಿ. ಹೆಂಗ್ ಹೊಳೀತೈತಿ?"

"ಭಾಳ ಹೊಳೀತೈತವ್ವ."

"ಅವ್ರೇನಂದ್ರು?"

"ಮಾತ ಬರವಲ್ದು ಅವ್ರಿಗೆ."

ಲಿನ್ ಸಾಹೇಬರ ತೀರ್ಮಾನ ಮೃದುವಾಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು. ಪ್ರದರ್ಶನ ನಾಡಿದ್ದು. ನಡುವಿನ ಜಾಗ ಅಲ್ಲಿಯತನಕ ಖಾಲಿ ಇರುತ್ತದೆ. ಹೊಸಪೇಟೆಯಲ್ಲಿ ತಾವು ನೋಡಿದ ಬಣ್ಣ ಬಂದರೆ ಸರಿ. ಇಲ್ಲದಿದ್ದರೆ ಇದು ಬಾಗಿಲ ಹತ್ತಿರದ ಹೊಸ ಆಟಿಕೆಗಳ ಮೇಜಿಗೆ. ಅದಿರಿನ ಕಾಗದಕ್ಕೆ ಅವರು ಪೆನ್ನನ್ನೇ ಮುಟ್ಟಿಸಲಿಲ್ಲ. ಇಷ್ಟು ಸಣ್ಣ ಮಾಲನ್ನೇ ಹೇಳಿದ ಹಾಗೆ ತರದವರು ಹಡಗು ತುಂಬ ಏನು ತಂದಾರು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮಾವನಿಗೆ ಕೇಳಿಸಿತು.

ಬಂದರು

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಡಿಕಾಕ್ಷನ್ನಿನಿಂದ ಒಂದು ಮೂಲೆಗೆ ಬಣ್ಣ ಹಚ್ಚಿದೆ. ಕೂಸು ಒದ್ದೆ ಮಾಡಿದ ಚಾದರದ ಹಾಗೆ ಕಂಡಿತು. ಮಾವ ಅರಿಷಿಣ ಸಿಕ್ಕೀತೇ ಎಂದ. ಇದು ಮದುಮಗಳಲ್ಲ ಮಾವ ಎಂದೆ.

ಆ ದಿನ ಮೇ ನಮ್ಮನ್ನು ಬಂದರಿಗೆ ಕರೆದೊಯ್ಯಬೇಕಿತ್ತು. ಅದಿರು ಇಳಿಸುವ ಅಂಗಳ ನೋಡುವುದು ಮಾವನ ಆಸೆ. ಅಲ್ಲಿ ಕಂಡದ್ದು ರಾಶಿಗಳು. ರಾಶಿ ಅಲ್ಲ, ಸಾಲು ಗುಡ್ಡ. ಸೊಂಡೂರಿನಲ್ಲಿ ಕಾಣೆಯಾದವು ಇಲ್ಲಿ ಸಮುದ್ರ ನೋಡುತ್ತ ಕುಳಿತಿದ್ದವು. ಗಿಡಮರದ ಗೊಡವೆಯಿಲ್ಲದೆ ಬೋಳಾಗಿ, ನೇರ ಸಾಲಿನಲ್ಲಿ, ಒಂದೊಂದಕ್ಕೂ ಬೋರ್ಡು ಹಾಕಿಸಿಕೊಂಡು.

ಬೋರ್ಡು ನಮಗೆ ಓದಲು ಬರದು. ಯಾವುದು ನಮ್ಮದು ಎಂದು ಮಾವ ಪ್ರತಿಯೊಂದರ ಮುಂದೆಯೂ ಹೆತ್ತವನ ಹಾಗೆ ನಿಂತ. ಕೊನೆಗೆ ಒಂದು ರಾಶಿಯ ಬುಡದಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದೆ. ಹರಿದ ಗುಟ್ಕಾ ಚೀಟಿ. ಮೇಲೆ ಅಚ್ಚ ಕನ್ನಡ ಅಕ್ಷರ. ದೇಶ ಬಿಟ್ಟ ಮೇಲೆ ನಾನು ಓದಿದ ಮೊದಲ ಕನ್ನಡ ಅದು.

"ಸ್ಯಾಂಪಲ್‌ನಾಗ ಇದು ಇತ್ತೇನ್ ಮಾವ?" ಎಂದೆ.

"ಬಾಯಿ ಮುಚ್ಚಲೇ" ಎಂದು ಮಾವ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ರಾಶಿಯನ್ನು ನೋಡಿದ, ನನ್ನನ್ನು ನೋಡಿದ. ನನಗೂ ಅದೇ ಹೊಳೆದಿತ್ತು. ಬೇಕಾದ ಬಣ್ಣ ಕಾಲಬುಡದಲ್ಲೇ ಬಿದ್ದಿತ್ತು, ಅದೂ ಅಸಲಿಯೇ.

ನಾನು ಒಂದು ಹಿಡಿ ತೆಗೆದೆನೋ ಇಲ್ಲವೋ, ಕಾವಲುಗಾರ ಸೀಟಿ ಊದುತ್ತ ಬಂದ.

"ಮಾಲು ನಂದ ಅಂತ ಹೇಳವ್ವ ಅವ್ನಿಗೆ" ಎಂದು ಮಾವ ಮೇಗೆ ಹೇಳಿದ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ.

ಅವಳು ಕೇಳಿ ಬಂದು ಹೇಳಿದಳು: "ಮಾರಿದ ಮೇಲೆ ನಿಮ್ಮದಲ್ಲವಂತೆ."

"ಒಂದ್ ಹಿಡಿ."

"ಒಂದು ಹಿಡಿ ಹೊರಗೆ ಹೋಗಬೇಕಾದರೂ ಪರ್ಮಿಟ್ ಬೇಕಂತೆ."

ಮಾವ ಅಷ್ಟು ನೊಂದದ್ದನ್ನು ನಾನು ನೋಡಿರಲಿಲ್ಲ. "ಹಿಡಿ ಮಣ್ಣಿಗೆ ಪರ್ಮಿಟ್ ಕೇಳ್ತಾನಲ್ಲೋ. ಎಂಥ ದೇಶಲೇ ಇದು? ನಮ್ಮ ಕಡೆ ಗುಡ್ಡ ಹೋದ್ರೂ ಒಂದ್ ನಾಯಿ ಬೊಗಳಂಗಿಲ್ಲ."

ಲಿನ್ ಸಾಹೇಬರನ್ನೇ ಕೇಳಬಹುದಿತ್ತು. ಆದರೆ ಮಾಲಿಗೆ ಬಣ್ಣ ಬಳಿಯುವ ವ್ಯಾಪಾರಿ ಗಿರಾಕಿಯ ಹತ್ತಿರವೇ ಬ್ರಷ್ ಕೇಳುತ್ತಾನೆಯೇ? ನಾನು ಬೇರೆ ದಾರಿ ಹಿಡಿದೆ. ಫೋಟೋಕ್ಕೆಂದು ರಾಶಿಯನ್ನು ನಾಲ್ಕು ಹೆಜ್ಜೆ ಹತ್ತಿ, ಜಾರಿದೆ. ಜಾರುವುದನ್ನು ನಟಿಸಬೇಕೆಂದಿದ್ದೆ, ಆದರೆ ನಿಜವಾಗಿಯೇ ಜಾರಿ, ಉರುಳಿ, ಬಾಯಿ ತುಂಬ ಸೊಂಡೂರು ತುಂಬಿಕೊಂಡು ಕೆಳಗೆ ಬಂದೆ. ಕಾವಲುಗಾರನೇ ಎಬ್ಬಿಸಿದ. ಪ್ಯಾಂಟಿನ ಎರಡೂ ಜೇಬು ಭಾರವಾಗಿದ್ದವು. ಗೇಟಿನಲ್ಲಿ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಡೀ ಮನುಷ್ಯನೇ ಕೆಂಪಗಿದ್ದರೆ ಜೇಬು ಒಂದನ್ನು ಏನು ತಪಾಸಣೆ ಮಾಡುವುದು? ಮೇ ಆಚೆ ತಿರುಗಿ ಸಮುದ್ರದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹೋಟೆಲಿನ ಬಚ್ಚಲುಮನೆಯಲ್ಲಿ ಹೊಸಪೇಟೆ ಕಟ್ಟಿದೆವು. ನಮ್ಮ ಆಫೀಸಿನ ಕಿಟಕಿಯಲ್ಲಿ ಮಿರ್ಚಿ ತಿಂದ ಕೈಯ ಎಣ್ಣೆ ಮೊದಲು, ಧೂಳು ಆಮೇಲೆ. ಹಾಗಾಗಿ ಮಾವ ಚಟ್ನಿಪುಡಿಯ ಜಿಡ್ಡುಗೈಯಲ್ಲಿ ಇಟ್ಟಿಗೆಗಳನ್ನು ಸವರಿದ. ಕೂದಲು ಒಣಗಿಸುವ ಮೆಷಿನ್ ಹಿಡಿದು ಲಾರಿಯಾದ. ನಾನು ಅದರ ಗಾಳಿಗೆ ಚಿಟಿಕೆ ಚಿಟಿಕೆ ಅದಿರು ಬಿಡುತ್ತ ಹಾರ್ನ್ ಹೊಡೆದೆ, ಗೇರ್ ಬದಲಿಸಿದೆ, ಡ್ರೈವರನ ಬೈಗುಳವನ್ನೂ ಹಾಕಿದೆ.

"ಅದ್ಯಾಕಲೇ ಬಾಯಿಲೆ?"

"ಇಲ್ದಿದ್ರ ಧೂಳು ಕೂಡಂಗಿಲ್ಲ ಮಾವ. ಅದಕ್ಕ ರೂಢಿ ಆಗೈತಿ."

ಮಾವ ನಕ್ಕು ಇನ್ನೆರಡು ಲಾರಿ ಹಾಯಿಸಿದ.

ನಡುವಿನ ಜಾಗ

ಪ್ರದರ್ಶನ ಒಂದು ಶಾಲೆಯ ಹಾಲಿನಲ್ಲಿತ್ತು. ಮೇಜಿನ ತುಂಬ ಹಳದಿಗಟ್ಟಿದ ಮೆಷಿನ್ನುಗಳು. ಒಂದೊಂದರ ಹಿಂದೆ ಒಬ್ಬೊಬ್ಬ ಗಂಭೀರ ಮನುಷ್ಯ. ನಡುವೆ ಖಾಲಿ ಜಾಗ. ನಾನು ನಮ್ಮದನ್ನು ಇಟ್ಟೆ. ಲಿನ್ ಸಾಹೇಬರು ಬಗ್ಗಿದರು, ಕೈ ಹಿಂದೆ ಕಟ್ಟಿಕೊಂಡರು. ಮೂಗು ಹತ್ತಿರ ತಂದು ಚಟ್ನಿಪುಡಿಯ ಬೆಳ್ಳುಳ್ಳಿ ವಾಸನೆ ಹಿಡಿದರು. "ಇದೇ" ಎಂದರು. ಮಾವ ಉಸಿರು ಬಿಟ್ಟದ್ದು ಹಾಲಿಗೆಲ್ಲ ಕೇಳಿಸಿತು.

ಅಷ್ಟರಲ್ಲಿ ಮಗನ ಆಟಿಕೆ ನೋಡಲು ಲಿನ್ ಸಾಹೇಬರ ತಾಯಿ ಬಂದರು. ಕುಳ್ಳಗೆ, ಗಟ್ಟಿಯಾಗಿ, ಕೈಚೀಲ ಹಿಡಿದು. ನಮ್ಮ ಮೆಷಿನ್ ನೋಡಿದರು. ಇಂಡಿಯಾದಿಂದ ಬಂದ ಅತಿಥಿಗಳ ಸಾಮಾನು ಧೂಳು ತಿನ್ನುತ್ತಿದೆ, ಯಾರಿಗೂ ಖಬರಿಲ್ಲ. ಮಗನ ಕಡೆ ಒಂದು ನೋಟ ಎಸೆದು, ಚೀಲದಿಂದ ಒದ್ದೆ ಬಟ್ಟೆ ತೆಗೆದು, ಯಾರಾದರೂ ಬಾಯಿ ತೆರೆಯುವ ಮೊದಲೇ ಈ ತುದಿಯಿಂದ ಆ ತುದಿಗೆ ಒರೆಸಿಬಿಟ್ಟರು.

ಕೆಂಪಿನ ನಡುವೆ ಅಚ್ಚ ಬಿಳಿ ಪಟ್ಟೆ. ಆಯಮ್ಮ ಬಟ್ಟೆ ನೋಡಿಕೊಂಡು ಏನೋ ಗೊಣಗಿದರು.

"ಏನಂತಾರೆ?" ಎಂದು ಮೇಗೆ ಕೇಳಿದೆ.

"ನಮ್ಮ ಮನೆಯ ಕಿಟಕಿಯಲ್ಲೂ ಇದೇ ಧೂಳು ಎನ್ನುತ್ತಿದ್ದಾರೆ. ದಿನಾ ಒರೆಸುತ್ತಾರೆ. ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದನ್ನೇ ಬಿಟ್ಟಿದ್ದಾರೆ."

ನಮ್ಮವ್ವನೂ ಬಿಟ್ಟಿದ್ದಳು.

ಮೇಜಿನ ಸುತ್ತ ಜನ ಸೇರಿದರು. ಬೇರೆಯವರದು ವಯಸ್ಸಿನ ಬಣ್ಣದ ಇಟ್ಟಿಗೆ. ಇದೊಂದರ ಮೇಲೆ ಮಾತ್ರ ವಯಸ್ಸೇ ಕುಳಿತಿದೆ, ಒರೆಸಿದರೆ ಬರುತ್ತದೆ ಎಂದು ಆ ಪಟ್ಟೆಯಿಂದ ಎಲ್ಲರಿಗೂ ತಿಳಿಯಿತು. ಲಿನ್ ಸಾಹೇಬರು ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿದರು. ಅದಿರು ಕೊಳ್ಳುವವರ ಬೆರಳು.

"ಇದು ಎಲ್ಲಿಯದು?" ಎಂದು ನನ್ನನ್ನೇ ಕೇಳಿದರು.

"ನಮ್ಮದೇ" ಎಂದೆ. "ನಿಮ್ಮ ಹಡಗಿನಲ್ಲಿ ಬಂತು."

ಇನ್ನೂ ಕೆಂಪಗಿದ್ದ ನನ್ನ ಪ್ಯಾಂಟಿನ ಜೇಬಿನ ಕಡೆ ಅವರ ಕಣ್ಣು ಹೋಯಿತು. ಮೊದಲು ತುಟಿ ಬಿಗಿದರು, ಆಮೇಲೆ ಹಂಪಿಯಿಂದ ಬಂದ ಸಂಜೆ ಮಾಡಿದ ಟ್ಯಾಂಕಿನ ಸಪ್ಪಳವನ್ನೇ ಮಾಡಿದರು. ಮೆಷಿನ್ ನಡುವಿನ ಜಾಗದಲ್ಲೇ ಉಳಿಯಿತು, ಪಟ್ಟೆಸಮೇತ. ಬಹುಮಾನ ಯಾರಿಗೋ ಹೋಯಿತು; ಪಟ್ಟೆ ಮುಟ್ಟಿ ನೋಡಲು ಸಾಲು ನಿಂತದ್ದು ನಮ್ಮ ಮುಂದೆ. ಮೆಷಿನ್ನನ್ನು ಲಿನ್ ಸಾಹೇಬರಿಗೇ ಬಿಟ್ಟು ಬಂದೆ. ಮಾವನ ಕಾಗದಕ್ಕೆ ಅವರು ಸಹಿ ಹಾಕುವಾಗ, ಮಾಲು ಸ್ಯಾಂಪಲ್‌ನ ಹಾಗೇ ಇರಲಿ ಎಂದರು. ಮಾವ ಜೇಬಿನಲ್ಲಿದ್ದ ಗುಟ್ಕಾ ಚೀಟಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಮಾಲು ಎ-ಒನ್ ಐತ್ರಿ" ಎಂದ. ಅವನ ದನಿಯನ್ನು ಅವನೇ ನನಗಿಂತ ಚೆನ್ನಾಗಿ ಮಾಡಿದ.

ಮತ್ತೆ ಹೊಸಪೇಟೆ

ಅವ್ವ ಬಟ್ಟೆ ನೆನೆಹಾಕುವಾಗ ಪ್ಯಾಂಟಿನ ಜೇಬಿಗೆ ಕೈ ಹಾಕಿ, ತೆಗೆದು, ಅಂಗೈ ನೋಡಿದಳು.

"ಚೀನಾದಾಗೂ ಧೂಳ ಐತೇನಲೇ?"

"ಅದು ಅಲ್ಲೀದಲ್ಲವ್ವ. ನಮ್ದ."

"ಇಲ್ಲಿಂದ ಅಲ್ಲಿ ಮಟ ಹೊತ್ಕೊಂಡ್ ಹೋಗಿದ್ದೇನು? ತೊಳೆದು ಕೊಟ್ಟಿದ್ನಲ್ಲೋ ಪ್ಯಾಂಟು."

ಅವಳು ಜೇಬನ್ನು ಹೊರಳಿಸಿ ಅಂಗಳಕ್ಕೆ ಝಾಡಿಸಿದಳು. ಸೊಂಡೂರಿನಿಂದ ಆಚೆ ಹೋದದ್ದರಲ್ಲಿ ತಿರುಗಿ ಬಂದದ್ದು ಅಷ್ಟೇ. ಅದಕ್ಕೂ ಪರ್ಮಿಟ್ ಇರಲಿಲ್ಲ.